ಏಳನೇ ಇಲಿಯ ರಕ್ತ

ಮಾರ್ಚ್ 4, ಸಂಜೆ

ಮತ್ತೆ ಲ್ಯಾಬಿನ ಇಲಿಗಳ ಬಾಲಕ್ಕೆ ನಂಬರ್ ಬರೆಯುವ ಕೆಲಸ. ವಾರಕ್ಕೇ ಮಸಿ ಮಾಸುತ್ತದೆ. ಏಳು, ಎಂಟು — ಎರಡರದ್ದೂ ಪೂರ್ತಿ ಅಳಿಸಿತ್ತು. ಒಂದೇ ಟಬ್ಬಿಗೆ ಹಾಕಿಕೊಂಡು ತಿದ್ದುವಾಗ ಅಕ್ಕನ ಫೋನ್. ಥೀಸಿಸ್ ಯಾವಾಗ ಮುಗಿಯುತ್ತೆ, ಅದೇ ಪುರಾಣ. ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡೇ ಬರೆದು ಗೂಡಿಗೆ ಬಿಟ್ಟೆ.

ಮಾರ್ಚ್ 12

ಏಳರ ರಿಪೋರ್ಟ್ ನೋಡಿ ತಲೆ ಕೆಟ್ಟಿತು. ಎರಡು ವರ್ಷದ ಮುದಿ ಇಲಿ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದಿರಬೇಕು. ದೇಹಕ್ಕೆ ತುಕ್ಕು ಹಿಡಿಯದಂತೆ ಕಾಯುವ ಗ್ಲುಟಾಥಯೋನ್ ಅಂತೂ ಪಾತಾಳ ಕಂಡಿರಬೇಕು. ಎರಡೂ ಹರೆಯದ ಮಟ್ಟದಲ್ಲಿವೆ! ಮತ್ತೆ ಪರೀಕ್ಷಿಸಿದೆ. ಅದೇ.

ಮುದಿಯದು ಸತ್ತು, ಯಾರೋ ಬೇರೆ ತಂದಿಟ್ಟಿದ್ದಾರೆ. ಬೀಗದ ಕೈ ಇರುವುದು ಇಬ್ಬರ ಹತ್ತಿರ — ನಾನು, ಮತ್ತೆ ಇಲಿಗಳಿಗೆ ಮೇವು-ನೀರು ಹಾಕುವ ಇಲಿಮಾವ. ಐದಕ್ಕೇ ಮನೆಗೆ ಹೋಗಬೇಕಾದವರು ನಿನ್ನೆ ಆರಾದರೂ ಗೂಡುಗಳ ಮುಂದೆ ಏನು ಮಾಡುತ್ತಿದ್ದರು?

ಮಾರ್ಚ್ 13

ಇಲಿಮಾವನನ್ನು ಕೇಳಿಯೇಬಿಟ್ಟೆ.

"ಇದು ಏಳಲ್ಲಮ್ಮ. ಏಳು ನನ್ನ ಬೆರಳು ನೆಕ್ಕುತ್ತೆ, ಇದು ಕಚ್ಚುತ್ತೆ. ನೀವು ಸಿಡುಕ್ತೀರ ಅಂತ ಸುಮ್ನಿದ್ದೆ. ಅದು ಈಗ..."

ಮಾತು ಮುಗಿಸಲು ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಾಯಿತು! ಬಿಳಿ ಇಲಿಗಳೆಲ್ಲ ಒಂದೇ ಥರ. ಬದಲಾಗಿದ್ದು ಇವರಿಗೆ ಹೇಗೆ ಗೊತ್ತು?

ಮಾರ್ಚ್ 14, ಶುಕ್ರವಾರ

ಗೈಡ್‌ಗೆ ಹೇಳಿದೆ. ಸೋಮವಾರ ನಾನು ದೂರಿಗೆ ಸಹಿ ಹಾಕಿದರೆ ಇಲಿಮಾವನನ್ನು ಕೆಲಸದಿಂದ ತೆಗೆಯುತ್ತಾರಂತೆ. ಹನ್ನೊಂದು ವರ್ಷದ ಕೆಲಸ. ಅಲ್ಲಿಯವರೆಗೂ ಒಳಗೆ ಬರುವಂತಿಲ್ಲ.

ಇಲಿಮಾವ ಜಗಳ ಆಡಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟರು. "ಎಂಟನೇ ಗೂಡಿಗೆ ಮೇವು ನೆನೆಸಿ ಹಾಕಿ. ಅದಕ್ಕೆ ಹಲ್ಲು ಸರಿಯಿಲ್ಲ."

ನಾಟಕ.

ಮಾರ್ಚ್ 16

ಎಂಟನೇ ಗೂಡಿನ ಮೇವು ಎರಡು ದಿನದಿಂದ ಹಾಗೇ ಇದೆ. ಎಂಟಕ್ಕೆ ಬರೀ ಒಂದು ವರ್ಷ, ಹಲ್ಲಿಗೇನು ಧಾಡಿ? ನೆನೆಸಿ ಬೆರಳಲ್ಲಿ ಹಿಡಿದೆ. ತಿಂದಿತು. ಆಮೇಲೆ ಬೆರಳು ನೆಕ್ಕಿತು.

ಕೂಡಲೇ ರಕ್ತ ತೆಗೆದು ನೋಡಿದೆ. ಆಲ್ಬುಮಿನ್, ಗ್ಲುಟಾಥಯೋನ್ — ಎರಡೂ ಪಾತಾಳ. ಇದೇ ಏಳು.

4ನೇ ತಾರೀಖಿನ ಪುಟ ತೆಗೆದು ಓದಿದೆ. ಟಬ್ಬು. ಅಕ್ಕನ ಫೋನ್.

ಮಾರ್ಚ್ 17, ಬೆಳಿಗ್ಗೆ 9.40

ದೂರು ಟೈಪ್ ಆಗಿ ಬಂದಿದೆ. ಹತ್ತಕ್ಕೆ ಸಹಿ. ಆ ಒಂದು ಪುಟ ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ. ತುದಿ ಹಿಡಿದು ಎಳೆದೂ ನೋಡಿದೆ... ಥೂ, ನಾಚಿಕೆಯಾಯಿತು.

ಡೈರಿಯನ್ನೇ ಗೈಡ್ ಮುಂದೆ ಇಡುತ್ತೇನೆ. ಇನ್ನು ಬರೆಯುವುದು ಅವರು ಓದಲಿಕ್ಕೆ. ಸಾರ್, ಇಲಿಗಳನ್ನು ಅದಲುಬದಲು ಮಾಡಿದ್ದು ನಾನೇ, ಇಲಿಮಾವ ಅಲ್ಲ.