ನೂರೈನ್‌ಳ ಟರ್ಕಿ ಪಾಠ

ಫಜಲುಲ್ಲಾ,

ಓದಲು ಟರ್ಕಿಗೆ ಹೊರಟಿರುವ ನಿನ್ನ ಮಗಳು ನೂರೈನ್ ಇವತ್ತೂ ಪಾಠ ಒಪ್ಪಿಸಲು ಬಂದಿದ್ದಳು. ಟರ್ಕಿ ಭಾಷೆಯಲ್ಲೂ ನಮ್ಮ ಕನ್ನಡದ ಹಾಗೆ ವಿಭಕ್ತಿ ಪದದ ಬಾಲಕ್ಕೇ ಅಂಟುತ್ತದೆ. ‘ನನ್ನ’ ಎನ್ನುವುದೂ ಬಾಲಕ್ಕೇ, ವಿಭಕ್ತಿಗಿಂತ ಮೊದಲು. ನೆನಪಿರಲೆಂದು ಪ್ರಾಸ ಕಟ್ಟಿಕೊಟ್ಟೆ: “ಬಾಬಾಮ್ ಅಂದ್ರೆ ನನ್ನಪ್ಪ, ಬಾಬಾಮಾ ಅಂದ್ರೆ ನನ್ನಪ್ಪಂಗೆ ಕಣಪ್ಪ.”

ನಕ್ಕಳು. “ಶುಕ್ರವಾರ ಬಸ್ ಹತ್ಸೋಕೆ ಬನ್ನಿ ಅಂಕಲ್. ಅಬ್ಬಾನೂ ಬರ್ತಾರೆ.”

“ಅವತ್ತು ಕೊಬ್ರಿ ಕಾಯಿ ಸುಲಿಸ್ಬೇಕು ಕಣಮ್ಮ.”

“ಮೊನ್ನೆ ಅಟ್ಟಕ್ಕೆ ಹಾಕಿದ ಕಾಯಿ ಒಣಗೋಕೆ ವರ್ಷ ಬೇಕಲ್ವಾ? ಸುಳ್ಳಾದ್ರೂ ನೆಟ್ಟಗೆ ಹೇಳಿ.”

ತಿಪಟೂರಿನ ಹುಡುಗಿಗೆ ನಾನು ಬೇರೆ ನೆವ ಹುಡುಕಬೇಕಿತ್ತು.

ನಾವು ಮಾತು ಬಿಟ್ಟು ಎಷ್ಟು ವರ್ಷವಾಯಿತೋ, ನೆನೆಯುವುದಕ್ಕೂ ಈಗ ಸುಸ್ತು. ನನ್ನನ್ನು ಕಂಡು ನೀನು ಮುಖ ತಿರುಗಿಸಿದರೆ, ಮಗು ಅಷ್ಟು ದೂರ ಅದನ್ನೇ ಹೊತ್ತುಕೊಂಡು ಹೋಗುತ್ತದೆ. ಸ್ಟ್ಯಾಂಡಿಗೆ ಬರುವುದಿಲ್ಲ. ಊರಾಚೆಯ ತಿರುವಿನಲ್ಲಿ, ತೋಟದ ಬೇಲಿ ಪಕ್ಕ ನಿಂತಿರುತ್ತೇನೆ. ಅವಳನ್ನು ಎಡಗಡೆ ಕಿಟಕಿಗೆ ಕೂರಿಸು.