ಕೇಳದೆ ಕೊಟ್ಟ ತೀರ್ಪು

ಕುಮಟಾ
ಆಗಸ್ಟ್ ೧೯, ೨೦೨೫

ಪ್ರೀತಿಯ ಆಯೀ,

ನಿನ್ನ ಮಂಡಿನೋವು ಹೇಗಿದೆ? ಮುಟ್ಟಳ್ಳಿಯಲ್ಲಿ ಮಂಗಲಾ, ಮಗು ಚೆನ್ನಾಗಿದ್ದಾರಷ್ಟೇ? ಮಗಳ ಬಾಣಂತನದ ಗಡಿಬಿಡಿಯಲ್ಲಿ ನಿನ್ನ ಮಾತ್ರೆ ಮರೆಯಬೇಡ. ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳೆಂದು ಗಾಬರಿಯಾಗಬೇಡ. ಈಗೀಗ ನನಗೆ ಫೋನು ಕಂಡರೇ ಅನುಮಾನ.

ಒಂಬತ್ತನೆಯ ತರಗತಿಗೆ ಪ್ರಜಾಪ್ರಭುತ್ವದ ಪಾಠ ಮಾಡುತ್ತಿದ್ದೆ. ಕಡಲಂಚಿಗೆ ಬರಲಿರುವ ಬಂದರಿನ ಜಗಳ ಮಕ್ಕಳ ಮನೆಮನೆಯಲ್ಲೂ ಇದೆ. ಅದನ್ನು ಬಿಟ್ಟು ಬೇರೆ ಯಾವ ಉದಾಹರಣೆ ಕೊಡಲಿ? ಬೇಕು ಎನ್ನುವವರನ್ನೂ ಬೇಡ ಎನ್ನುವವರನ್ನೂ ಮಾತಾಡಿಸಿದೆ. ಬೇಡ ಎನ್ನುವವರ ವಾದ ಹೀಗಿದೆ ಎಂದು ವಿವರಿಸುವಾಗ, "ನಮ್ಮನ್ನು ಕೇಳದೆ ನಮ್ಮ ನೆಲ ಕೊಟ್ಟುಬಿಟ್ಟರು" ಎಂದೆ. ಯಾರೋ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಆ ಒಂದು ವಾಕ್ಯವನ್ನಷ್ಟೇ ಕತ್ತರಿಸಿ, ನನ್ನದೇ ದನಿಯಲ್ಲಿ ಊರ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹರಿಬಿಟ್ಟರು. ಹೆಡ್‌ಮಾಸ್ತರು ಕರೆದು, ಬಂದರಿನ ಸುದ್ದಿ ಇನ್ನು ತರಗತಿಯಲ್ಲಿ ಬೇಡ ಎಂದರು.

ಅಂದಿನಿಂದ ಎಲ್ಲರ ಕಿಸೆಯ ಮೇಲೇ ನನ್ನ ಕಣ್ಣು. ವಿಜ್ಞಾನದ ಕೃಷ್ಣಾನಂದ ಮಾಸ್ತರು ನಕ್ಕರೂ ಸಂಶಯ, ನಗದಿದ್ದರೂ ಸಂಶಯ. ಕೊನೆಗೆ ಇದು ಅದೇ ತರಗತಿಯ ಚಂದನಾಳದೇ ಕೆಲಸ ಎಂದು ನಿಶ್ಚಯಿಸಿದೆ. ಅವಳ ಅಪ್ಪ ಬಂದರಿಗೆ ಕಲ್ಲು ಸಾಗಿಸುವ ಗುತ್ತಿಗೆ ಹಿಡಿದಿದ್ದಾರೆ. ಕಾರಣ ಹೇಳದೆ ಅವಳನ್ನು ಮುಂದಿನ ಬೆಂಚಿನಿಂದ ಎಬ್ಬಿಸಿ ಹಿಂದೆ ಕೂರಿಸಿದೆ. ಕೈಯೆತ್ತಿದರೂ ನೋಡಲಿಲ್ಲ.

ನಿನ್ನೆ ಶಾಲೆ ಬಿಟ್ಟ ಮೇಲೆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕೋರೇ, ನಾ ಎಂತ ಮಾಡ್ದೆ? ಕೇಳ್ದೇ ಶಿಕ್ಷೆ ಕೊಡೂಕಾಗೂದಿಲ್ಲ ಅಂತ ನೀವೇ ಪಾಠ ಮಾಡಿದ್ರಿ. ನನ್ನ ಹತ್ರ ಒಂದ್ ಮಾತೂ ಕೇಳ್ಲಿಲ್ಲ."

ಅವಳ ಬಳಿ ಫೋನೇ ಇಲ್ಲವಂತೆ. ಆ ಪಾಠದ ಸುದ್ದಿ ತಿಳಿದರೆ ಅಪ್ಪ ಶಾಲೆ ಬಿಡಿಸಿಯಾರೆಂದು ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲವಂತೆ. ನನಗೆ ಮುಖವೆತ್ತಲಾಗಲಿಲ್ಲ. ಇವತ್ತು ಇಡೀ ತರಗತಿಯ ಎದುರು ಅವಳ ಕ್ಷಮೆ ಕೇಳಿದೆ. "ಆತು ಅಕ್ಕೋರೇ" ಎಂದಷ್ಟೇ ಹೇಳಿ ತನ್ನ ಹಳೆಯ ಜಾಗಕ್ಕೆ ಬಂದು ಕೂತಳು. ನಾನು ಹೆಡ್‌ಮಾಸ್ತರರ ಮಾತು ಮೀರಿ, ಪಾಠವನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದೆ. ಏನಾಗುತ್ತದೋ ನೋಡೋಣ.

ಮಂಗಲಾಗೆ ನೆನಪು, ಮಗುವಿಗೆ ದೊಡ್ಡಮ್ಮನ ಮುತ್ತು.

ನಿನ್ನ
ಸುಪ್ರಿಯಾ

ತಾ.ಕ.: ಬಸ್ಸಿನ ಹೊತ್ತಾಯಿತು, ಆದರೂ ಇದನ್ನು ಬರೆಯದಿದ್ದರೆ ಕಾಗದ ಬರೆದೂ ಬರೆಯದಂತೆ. ಆ ದಿನ ನಾನು ಮರೆತ ಊಟದ ಡಬ್ಬಿ ಕೊಡಲು ತಮ್ಮ ಅನೂಪ ಬಂದಿದ್ದ. ಪಾಠ ಮುಗಿಯುವ ತನಕ ಕಿಟಕಿಯ ಹೊರಗೆ ಫೋನು ಹಿಡಿದು ನಿಂತಿದ್ದನೆಂದು ಜವಾನ ಈರ ಈಗಷ್ಟೇ ಹೇಳಿದ. ಅನೂಪನಿಗೆ ಮೊನ್ನೆ ಬಂದರು ಕಂಪನಿಯಿಂದ ಕೆಲಸದ ಕರೆ ಬಂದಿದೆ. ಈ ಸಲ ಕೇಳದೆ ತೀರ್ಪು ಕೊಡುವುದಿಲ್ಲ, ಕೇಳಿಯೇ ಕೇಳುತ್ತೇನೆ. ಅವನು ಹೌದು ಅಂದರೆ ನಾನು ಎಂತ ಮಾಡಲಿ, ಆಯೀ?