ಧಾರವಾಡದಲ್ಲಿ ಎತ್ತಿದ ಸೊಲ್ಲು

ಕಲ್ಲೇಶಣ್ಣ,

"ಧಾರವಾಡಕ್ಕೆ ಹೋಗಿ ಸಂಗೀತ ಕೇಳಾಣ ಬಾರೋ" ಎಂದು ನೀನು ಕರೆಯುತ್ತಲೇ ಇದ್ದೆ. ನೀನು ತೀರಿಕೊಂಡ ಮೇಲೆ ಸುಮ್ಮನೆ ನಿಂತಿದ್ದ ನಿನ್ನ ಟೆಂಪೋದೊಳಗೆ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಇಟ್ಟು ಅದನ್ನೇ ಮನೆ ಮಾಡಿಕೊಂಡು, ನಾನೂ ನಿರ್ಮಲಾಳೂ ಸವಳಂಗ ಬಿಟ್ಟೆವು. ಹೊಳೆ ಕಂಡಲ್ಲಿ ಅಡುಗೆ ಮಾಡುತ್ತಾ, ಮರ ಕಂಡಲ್ಲಿ ಮಲಗುತ್ತಾ ನಿನ್ನೆ ಧಾರವಾಡ ಮುಟ್ಟಿದೆವು.

ಸಂಜೆ ಒಂದು ಪುಟ್ಟ ಸಭಾಂಗಣದಲ್ಲಿ ವಯಸ್ಸಾದ ಗಾಯಕಿಯೊಬ್ಬರು ಮೈಕಿಲ್ಲದೆ ಹಾಡುತ್ತಿದ್ದರು. ಅವರು ಒಂದೇ ಸ್ವರವನ್ನು ಹಿಡಿದು ನಿಂತಾಗ ನಾನು ಉಸಿರಾಡುವುದನ್ನೇ ಮರೆತಿದ್ದೆ. ಆಮೇಲೆ ನಾವಿಬ್ಬರೂ ಭಜನೆಯಲ್ಲಿ ಹಾಡುತ್ತಿದ್ದ ತತ್ವಪದದ ಮೊದಲ ಸಾಲು ಬಂತು. ಮುಂದಿನವರು ಹೇಳಿದ ಸೊಲ್ಲನ್ನು ಹಿಂದಿನವರು ಎತ್ತಿಕೊಳ್ಳದೆ ಕೂತರೆ ನಮ್ಮಲ್ಲಿ ಅದು ಅವಮರ್ಯಾದೆ, ನಿನಗೆ ಗೊತ್ತಲ್ಲ. ನನ್ನ ಬಾಯಿ ತಾನಾಗಿಯೇ ತೆರೆಯಿತು. ಇಡೀ ಸಭೆ ತಿರುಗಿ ನೋಡಿತು.

"ರೀ, ಇಲ್ಲಿ ಹಂಗೆ ಹಾಡಬಾರ್ದು, ಸುಮ್ನಿರ್ರಿ" ಎಂದು ನಿರ್ಮಲಾ ತೋಳು ಚಿವುಟಿದಳು.

ಗಾಯಕಿ ಹಾಡು ನಿಲ್ಲಿಸಿ, "ಯಾವೂರ್ರೀ?" ಎಂದರು.

"ಸವಳಂಗ್ರಿ. ತಪ್ಪಾತು. ನಮ್ಮಲ್ಲಿ ಸೊಲ್ಲು ಎತ್ತೋ ರೂಢಿ ಐತೆ."

"ಹಂಗಾರ ಎತ್ರಿ" ಎಂದು ನಕ್ಕು, ಅವರು ಎರಡನೆಯ ಸಾಲು ಹಾಡಿ ನನ್ನತ್ತ ಕೈ ಚಾಚಿದರು. ಅಷ್ಟು ದೊಡ್ಡವರು ನನಗಾಗಿ ಕಾದರು, ಅಣ್ಣ.

ಆದರೆ ಎರಡನೆಯ ಸಾಲನ್ನು ಎತ್ತುತ್ತಿದ್ದವನು ಯಾವಾಗಲೂ ನನ್ನ ಎಡಕ್ಕೆ ಕೂರುತ್ತಿದ್ದ ನೀನು. ನಾನು ರೂಢಿಯಂತೆ ಸುಮ್ಮನಾಗಿ, ಎಡಗಡೆಗೆ ಕಿವಿಗೊಟ್ಟು ಕೂತೆ. ಇಡೀ ಸಭೆ ನನ್ನ ಜೊತೆ ಕಾಯುತ್ತಿತ್ತು.